ರಸೀತಿಯ ಸದಸ್ಯರು, ರಟ್ಟೆಯ ಸದಸ್ಯರು

ಯಾವ ಊರಿನ ಸಂಘದ ಕಾರ್ಯಕ್ರಮಕ್ಕೆ ಹೋದರೂ ವಂದನಾರ್ಪಣೆ ಮುಗಿದ ಮೇಲೆ ಸ್ವಲ್ಪ ಹೊತ್ತು ನಿಲ್ಲುವುದು ನನ್ನ ಅಭ್ಯಾಸ. ಹಾರ, ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ ಎಲ್ಲ ಕಡೆಯೂ ಹೆಚ್ಚುಕಮ್ಮಿ ಒಂದೇ. ಆಮೇಲಿನ ಅರ್ಧ ಗಂಟೆ ಮಾತ್ರ ಊರೂರಿಗೆ ಬೇರೆ. ಮೈಕಿನ ವೈರು ಸುತ್ತುವವರು ಯಾರು, ಖುರ್ಚಿ ಒಂದರ ಮೇಲೊಂದು ಪೇರಿಸುವವರು ಯಾರು, ಜಮಖಾನ ಕೊಡವುವವರು ಯಾರು, ಉಪ್ಪಿಟ್ಟು ತಿಂದು ಬಿಟ್ಟ ತಟ್ಟೆ ಆಯುವವರು ಯಾರು, ಕೊನೆಗೆ ದೀಪ ಆರಿಸಿ, ಬೀಗ ಹಾಕಿ, ಬೀಗದ ಕೈಯನ್ನು ಯಾರ ಮನೆಗೆ ಮುಟ್ಟಿಸಿ ಹೋಗುತ್ತಾರೆ, ಇಷ್ಟು ನೋಡಿದರೆ ಆ ಸಂಘ ಇನ್ನು ಎಷ್ಟು ವರ್ಷ ಬಾಳುತ್ತದೆ ಅಂತ ಹೇಳಬಹುದು. ಆ ಕೆಲಸ ಇಪ್ಪತ್ತು ಕೈಗಳಲ್ಲಿ ಹಂಚಿಹೋಗಿದ್ದರೆ ಭಯವಿಲ್ಲ. ಅದೇ ಮೂರು ಜನ, ಅದೇ ಬೆವರು, ಅದೇ "ನೀವು ಹೊರಡಿ ಸಾರ್, ನಾವು ನೋಡ್ಕೋತೀವಿ" ಅನ್ನುವ ಮಾತು ಕೇಳಿಸಿದರೆ ನನಗೆ ಕಳವಳವಾಗುತ್ತದೆ. ಆ ಮೂವರಲ್ಲಿ ಒಬ್ಬರಿಗೆ ವರ್ಗವಾದರೆ, ಇನ್ನೊಬ್ಬರಿಗೆ ಮಂಡಿನೋವು ಬಂದರೆ, ಭವನಕ್ಕೆ ಬೀಗ ಬೀಳುವುದಕ್ಕೆ ಹೆಚ್ಚು ದಿನ ಬೇಡ.

ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘ, ಯುವಕ ಮಂಡಲ, ಮಹಿಳಾ ಸಮಾಜ, ಹೊರನಾಡಿನ ಕನ್ನಡ ಸಂಘ, ಗಣೇಶೋತ್ಸವ ಸಮಿತಿ, ಯಾವುದನ್ನು ತೆಗೆದುಕೊಂಡರೂ ಸದಸ್ಯತ್ವ ಅನ್ನುವುದು ರಸೀತಿ ಪುಸ್ತಕದಲ್ಲಿ ಶುರುವಾಗಿ ಅಲ್ಲೇ ಮುಗಿಯುತ್ತದೆ. ವಾರ್ಷಿಕ ಸದಸ್ಯರು, ಆಜೀವ ಸದಸ್ಯರು, ಪೋಷಕರು, ಮಹಾಪೋಷಕರು. ಮೆಟ್ಟಿಲು ಏರಿದಂತೆ ಹಣ ಹೆಚ್ಚುತ್ತದೆ, ಆಮಂತ್ರಣ ಪತ್ರಿಕೆಯಲ್ಲಿ ಹೆಸರಿನ ಅಕ್ಷರ ದಪ್ಪವಾಗುತ್ತದೆ. ದೇಣಿಗೆ ಕೊಟ್ಟವರನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹಣವಿಲ್ಲದೆ ತಾರಸಿ ಏಳುವುದಿಲ್ಲ, ಕರೆಂಟಿನ ಬಿಲ್ಲು ಕಟ್ಟಲಾಗುವುದಿಲ್ಲ. ನನ್ನ ತಕರಾರು ಬೇರೆ. ಭವನದ ಗೋಡೆಯ ಮೇಲಿನ ಅಮೃತಶಿಲೆಯ ಫಲಕದಲ್ಲಿ ಇಟ್ಟಿಗೆಗೆ ದುಡ್ಡು ಕೊಟ್ಟವರ ಹೆಸರಿರುತ್ತದೆ, ಇಪ್ಪತ್ತು ವರ್ಷ ಭಾನುವಾರ ಬೆಳಿಗ್ಗೆ ಬಂದು ಪುಸ್ತಕಗಳ ಧೂಳು ಹೊಡೆದ ವಾಚನಾಲಯದವರ ಹೆಸರು ಇರುವುದಿಲ್ಲ. ಅರ್ಜಿ ನಮೂನೆಯಲ್ಲಿ ಹೆಸರು, ವಿಳಾಸ, ಶುಲ್ಕ, ಸೂಚಕರ ಸಹಿ, ಅನುಮೋದಕರ ಸಹಿ ಇವೆಲ್ಲಕ್ಕೂ ಜಾಗವಿದೆ. "ನಿಮ್ಮಿಂದ ಯಾವ ಕೆಲಸ ಆದೀತು?" ಎಂದು ಕೇಳುವ ಒಂದು ಗೆರೆ ಇಲ್ಲ.

ಕಾನೂನೂ ಇದನ್ನು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಸಂಘಗಳ ನೋಂದಣಿಗೆ ನಮ್ಮ ದೇಶದಲ್ಲಿ 1860ರಲ್ಲೇ ಕಾಯ್ದೆ ಬಂತು. ನಮ್ಮ ರಾಜ್ಯಕ್ಕೆ ಅಂತ ಪ್ರತ್ಯೇಕವಾಗಿ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರದು. ಏಳು ಜನ ಸೇರಿ ಉದ್ದೇಶಗಳನ್ನೂ ನಿಯಮಾವಳಿಯನ್ನೂ ಬರೆದುಕೊಟ್ಟರೆ ಸಂಘ ಹುಟ್ಟುತ್ತದೆ. ಏಳೇ ಜನ! ಒಂದು ಕಟ್ಟೆಯ ಮೇಲೆ ಕೂತು ಹರಟುವಷ್ಟು ಮಂದಿ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆಯಬೇಕು, ಲೆಕ್ಕ ತೋರಿಸಬೇಕು, ಕಾಲಕ್ಕೆ ಚುನಾವಣೆ ನಡೆಸಬೇಕು. ನಡೆಸದೆ ಕೂತರೆ ಸರ್ಕಾರ ಆಡಳಿತಾಧಿಕಾರಿಯನ್ನು ಕಳಿಸಬಹುದು. 1860ರ ಕಾಯ್ದೆಯಲ್ಲಿ ಇನ್ನೊಂದು ಮಾತಿದೆ: ಮೂರು ತಿಂಗಳಿಗೂ ಮೀರಿ ಚಂದಾ ಬಾಕಿ ಉಳಿಸಿಕೊಂಡವರಿಗೆ ಮತವೂ ಇಲ್ಲ, ಅವರು ಸದಸ್ಯರ ಲೆಕ್ಕಕ್ಕೂ ಇಲ್ಲ. ಚಂದಾ ಬಾಕಿಗೆ ಮದ್ದು ಹೀಗೆ ಬರೆದಿಟ್ಟಿದೆ. ಶ್ರಮದ ಬಾಕಿಯ ಮಾತು ಅಲ್ಲಿಲ್ಲ. ಅದನ್ನು ಬರೆದುಕೊಳ್ಳಬೇಕಾದವರು ನಾವು, ನಮ್ಮ ನಮ್ಮ ಬೈಲಾದಲ್ಲಿ.

ಇದೇನು ಹೊಸ ಹುಚ್ಚು ಅನ್ನುವವರಿಗೆ ನಾನು ಬೆಳಗಾವಿಯನ್ನು ನೆನಪಿಸುತ್ತೇನೆ. 1924ರ ಡಿಸೆಂಬರ್. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ. ಗಂಗಾಧರರಾವ್ ದೇಶಪಾಂಡೆಯವರ ಓಡಾಟ, ಟಿಳಕವಾಡಿಯಲ್ಲಿ ವಿಜಯನಗರವೆಂದು ಹೆಸರಿಟ್ಟ ಗುಡಾರಗಳ ಊರು, ನೀರಿಗಾಗಿ ತೋಡಿಸಿದ ಬಾವಿ, ಹುಯಿಲಗೋಳ ನಾರಾಯಣರಾಯರು ಬರೆದ ನಾಡಿನ ಹಾಡು, ಅದನ್ನು ಹಾಡಿದವರ ಸಾಲಿನಲ್ಲಿ ಬಾಲಕಿ ಗಂಗೂಬಾಯಿ ಹಾನಗಲ್. ಇವೆಲ್ಲ ನಮ್ಮ ಪಠ್ಯಪುಸ್ತಕಗಳಲ್ಲಿ, ರಾಜ್ಯೋತ್ಸವದ ಭಾಷಣಗಳಲ್ಲಿ ಬರುತ್ತವೆ. ಅಷ್ಟಾಗಿ ಬಾರದ ಒಂದು ಸಂಗತಿ ಸದಸ್ಯತ್ವದ್ದು. ಅಲ್ಲಿಯವರೆಗೆ ನಾಲ್ಕಾಣೆ ಕೊಟ್ಟವರು ಕಾಂಗ್ರೆಸ್ಸಿನ ಸದಸ್ಯರು. ಬೆಳಗಾವಿಯಲ್ಲಿ ಆ ನಿಯಮವನ್ನು ತಿದ್ದಿ ನಾಲ್ಕಾಣೆಯ ಜಾಗಕ್ಕೆ ನೂಲನ್ನು ತಂದರು. ತಿಂಗಳಿಗೆ ಎರಡು ಸಾವಿರ ಗಜ, ವರ್ಷಕ್ಕೆ ಇಪ್ಪತ್ತನಾಲ್ಕು ಸಾವಿರ ಗಜ, ಸಮನಾಗಿ ತೆಗೆದ ನೂಲು. ವಕೀಲನಾಗಲಿ ಜಮೀನುದಾರನಾಗಲಿ ರಾಟೆಯ ಮುಂದೆ ಕೂರಲಿ, ಬಡವನ ಕೈಕೆಲಸದ ಅನುಭವ ಅವನ ಬೆರಳಿಗೂ ಆಗಲಿ ಎಂಬುದು ಗಾಂಧೀಜಿಯ ಆಸೆ. ದೇಶದ ಅತಿ ದೊಡ್ಡ ಸಂಸ್ಥೆಯೊಂದು ಶ್ರಮವನ್ನೇ ಸದಸ್ಯತ್ವದ ಶುಲ್ಕ ಮಾಡಿದ್ದು ನಮ್ಮ ಕನ್ನಡ ನೆಲದಲ್ಲಿ. ನನಗೆ ಇದು ಬಾವಿಗಿಂತ, ಗುಡಾರಗಳಿಗಿಂತ ದೊಡ್ಡ ಸ್ಮಾರಕ.

ಆ ನಿಯಮ ನಿಲ್ಲಲಿಲ್ಲ ಅನ್ನುವುದೂ ನಿಜ. ಕಾಯಿಲೆಯಿದ್ದವರು, ನೂಲಲು ಮನಸ್ಸಿಲ್ಲದವರು ಬೇರೆಯವರು ನೂತದ್ದನ್ನು ತಂದು ಒಪ್ಪಿಸಬಹುದು ಎಂದು ಅದರಲ್ಲೇ ಒಂದು ಕಿಂಡಿ ಬಿಟ್ಟಿದ್ದರು. ಕಾಂಗ್ರೆಸ್ಸಿನೊಳಗಿನ ಸ್ವರಾಜ್ ಪಕ್ಷದವರೊಂದಿಗೆ ರಾಜಿಯಾಗಬೇಕಿತ್ತಲ್ಲ, ಅದಕ್ಕಾಗಿ. ಮನಸ್ಸಿಲ್ಲದವರಿಗೂ ದಾರಿ ಬಿಟ್ಟ ಮೇಲೆ ನೂಲು ಅಂಗಡಿಯಲ್ಲಿ ಕೊಳ್ಳುವ ಇನ್ನೊಂದು ಸರಕಾಯಿತು, ದುಡ್ಡೇ ಬೇರೆ ವೇಷದಲ್ಲಿ ಬಂತು. ಸದಸ್ಯರ ಸಂಖ್ಯೆಯೂ ಕುಸಿಯಿತು. 1925ರ ಸೆಪ್ಟೆಂಬರಿನಲ್ಲಿ ಪಟ್ನಾದ ಸಭೆ ನಾಲ್ಕಾಣೆಯನ್ನು ಮತ್ತೆ ಒಳಗೆ ಕರೆಯಿತು: ನಾಲ್ಕಾಣೆಯಾದರೂ ಸರಿ, ತಾನೇ ನೂತ ನೂಲಾದರೂ ಸರಿ. ಇದರಿಂದ ನಾನು ಕಲಿತದ್ದು ಎರಡು. ಶ್ರಮದ ಷರತ್ತಿಗೆ ಹಣದ ಕಿಂಡಿ ಇಟ್ಟರೆ ಎಲ್ಲರೂ ಕಿಂಡಿಯಲ್ಲೇ ನುಸುಳುತ್ತಾರೆ. ಎಲ್ಲರಿಗೂ ಒಂದೇ ಕೆಲಸ, ಒಂದೇ ಅಳತೆ ಅಂದರೆ ಕೆಲಸ ಮಾಡಬಲ್ಲವರೂ ದೂರವಾಗುತ್ತಾರೆ. ನೂಲಲು ಬಾರದವನು ಬಾವಿ ತೋಡಬಲ್ಲ, ಬಾವಿ ತೋಡಲಾರದವಳು ಲೆಕ್ಕ ಬರೆಯಬಲ್ಲಳು.

ಅದೇ ಅಧಿವೇಶನದಲ್ಲಿ ಸ್ವಯಂಸೇವಕರ ಪಡೆಯನ್ನು ಕಟ್ಟಿದ ರೀತಿ ನೋಡಿ, ಅದು ಇನ್ನೂ ಸೊಗಸು. ನಾ.ಸು. ಹರ್ಡೀಕರರು ಹಿಂದಿನ ವರ್ಷವಷ್ಟೇ ಹಿಂದೂಸ್ತಾನಿ ಸೇವಾ ದಳ ಶುರುಮಾಡಿದ್ದರು, ಹುಬ್ಬಳ್ಳಿ ಅದರ ಮನೆ. ವೃತ್ತಿಯಿಂದ ವೈದ್ಯರು. ಉತ್ಸಾಹವೊಂದಿದ್ದರೆ ಸಾಲದು, ಸೇವೆಗೂ ತರಬೇತಿ ಬೇಕು ಎಂದು ನಂಬಿದವರು. ಅವರ ಜೊತೆಗೆ ಉಮಾಬಾಯಿ ಕುಂದಾಪುರ. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡಾಕೆ, ಹುಬ್ಬಳ್ಳಿಯಲ್ಲಿ ಭಗಿನಿ ಮಂಡಲ ನಡೆಸುತ್ತಿದ್ದಾಕೆ. ಬೆಳಗಾವಿಗಾಗಿ ಊರೂರು ಸುತ್ತಿ ಹೆಣ್ಣುಮಕ್ಕಳನ್ನು ಸೇರಿಸಿದರು. ಅವರಲ್ಲಿ ಹಲವರು ವಿಧವೆಯರು. ಮನೆಯ ಹಿತ್ತಿಲ ಬಾಗಿಲಿನಾಚೆ ಕಾಲಿಡದ ಹೆಂಗಸರು ದೇಶದ ದೊಡ್ಡ ಸಭೆಗೆ ವ್ಯವಸ್ಥೆಯವರಾಗಿ ಬಂದರು. ಉಮಾಬಾಯಿ "ಯಾರಾದರೂ ಬನ್ನಿ" ಎಂದು ಕರಪತ್ರ ಅಂಟಿಸಿ ಕಾದು ಕೂತಿದ್ದರೆ ಇವರಲ್ಲಿ ಒಬ್ಬರಾದರೂ ಬರುತ್ತಿದ್ದರೇ? ಮನೆಗೆ ಹೋಗಿ, ಕೂತು, ಹೆಸರು ಹಿಡಿದು ಕರೆದದ್ದಕ್ಕೆ ಬಂದರು.

ಇವತ್ತಿನ ನಮ್ಮ ಸಂಘಗಳ ದೊಡ್ಡ ಕಾಯಿಲೆ ಈ "ಯಾರಾದರೂ ಬನ್ನಿ". ವಾಟ್ಸಾಪ್ ಗುಂಪಿನಲ್ಲಿ ಕಾರ್ಯದರ್ಶಿ ಹಾಕುತ್ತಾರೆ: ನಾಳೆ ಬೆಳಿಗ್ಗೆ ಶ್ರಮದಾನ, ಆಸಕ್ತರು ಬರಬೇಕಾಗಿ ವಿನಂತಿ. ಹೆಬ್ಬೆರಳುಗಳ ಸುರಿಮಳೆ. ಬೆಳಿಗ್ಗೆ ಪೊರಕೆ ಹಿಡಿದು ನಿಂತವರು ಮತ್ತದೇ ಮೂವರು. ಬಾರದವರನ್ನು ಸೋಮಾರಿಗಳು ಅಂತ ಬೈದು ಪ್ರಯೋಜನವಿಲ್ಲ. ಎಷ್ಟು ಗಂಟೆಗೆ ಬರಬೇಕು, ಎಷ್ಟು ಹೊತ್ತಿನ ಕೆಲಸ, ಏನು ಮಾಡಬೇಕು, ಯಾರನ್ನು ಕೇಳಬೇಕು ಒಂದೂ ಗೊತ್ತಿಲ್ಲ. ಹೊಸಬರೊಬ್ಬರು ಬಂದರೂ ಗೋಡೆಗೆ ಒರಗಿ ನಿಂತು, ತಮಗೆ ಯಾರೂ ಕೆಲಸ ಹೇಳದ್ದಕ್ಕೆ ಸಂಕೋಚಪಟ್ಟು, ಕಾಫಿ ಕುಡಿದು ಹೋಗುತ್ತಾರೆ. ಮತ್ತೆ ಬರುವುದಿಲ್ಲ.

ನಾನು ಬಲ್ಲ ಒಂದು ಬಡಾವಣೆಯ ಸಂಘದಲ್ಲಿ ಹಿರಿಯರೊಬ್ಬರಿದ್ದರು, ಎಲ್ಲರಿಗೂ ಅವರು ಮೇಷ್ಟ್ರು. ಅವರ ಹತ್ತಿರ ಉದ್ದನೆಯ ನೋಟ್‌ಬುಕ್ಕು. ಅದರಲ್ಲಿ ಒಬ್ಬೊಬ್ಬ ಸದಸ್ಯರಿಗೆ ಒಂದೊಂದು ಪುಟ. ಫೋನ್ ನಂಬರು, ಯಾವ ವಾರ ಬಿಡುವು, ಏನು ಬರುತ್ತದೆ, ಏನು ಬೇಡ ಅನ್ನುತ್ತಾರೆ ಎಲ್ಲ ಅಲ್ಲಿ. ಕಾರ್ಯಕ್ರಮಕ್ಕೆ ಹದಿನೈದು ದಿನ ಮುಂಚೆ ಪುಟ ತಿರುವಿ ಫೋನ್ ಮಾಡುತ್ತಿದ್ದರು. "ಏನಮ್ಮಾ, ನಿನ್ನ ಅಕ್ಷರ ದುಂಡಗಿದೆ. ಶನಿವಾರ ಐದರಿಂದ ಆರು ಗಂಟೆ ಬಂದು ಫಲಕ ಬರೆದುಕೊಡು. ಆರಕ್ಕೆ ನಾನೇ ಕಳಿಸ್ತೀನಿ." ಆರಕ್ಕೆ ಖಂಡಿತ ಕಳಿಸುತ್ತಿದ್ದರು! ಕೆಲಸ ಬಾಕಿಯಿದ್ದರೂ ನಿಲ್ಲಿಸಿಕೊಳ್ಳುತ್ತಿರಲಿಲ್ಲ. ಕೇಳಿದ್ದಕ್ಕೆ ಅವರು ಹೇಳಿದ ಮಾತು: "ಇವತ್ತು ಒಂದು ಗಂಟೆ ಜಾಸ್ತಿ ಹಿಡಿದುಕೊಂಡರೆ ಮುಂದಿನ ತಿಂಗಳು ಪೂರ್ತಿ ಕಳ್ಕೋತೀವಪ್ಪಾ." ಹೊಸಬರನ್ನು ಹಳಬರೊಬ್ಬರ ಜೊತೆ ಜೋಡಿ ಮಾಡುತ್ತಿದ್ದರು. ಮುಗಿದ ಮರುದಿನ ಮತ್ತೆ ಫೋನು, ಈ ಸಲ ಬರೀ ಧನ್ಯವಾದಕ್ಕೆ. ಸ್ವಯಂಸೇವೆಯನ್ನು ಸಂಘಟಿಸುವ ವಿದ್ಯೆ ಇದಕ್ಕಿಂತ ಹೆಚ್ಚೇನೂ ಇಲ್ಲ ಅಂತ ನನ್ನ ನಂಬಿಕೆ. ಚಿಕ್ಕ ಕೆಲಸ, ಗೊತ್ತಾದ ವೇಳೆ, ಹೆಸರು ಹಿಡಿದು ಕರೆ, ಕೊಟ್ಟ ಮಾತಿನಂತೆ ಬಿಡುಗಡೆ.

ಇದು ಹಳ್ಳಿಗಳಿಗೆ ಗೊತ್ತಿದ್ದದ್ದೇ. ಮಲೆನಾಡಿನಲ್ಲಿ ಮುಯ್ಯಾಳು ಪದ್ಧತಿ ಇತ್ತಲ್ಲ, ಇಂದು ನಿನ್ನ ಗದ್ದೆಯ ನಾಟಿಗೆ ನಾನು, ನಾಡಿದ್ದು ನನ್ನ ಗದ್ದೆಗೆ ನೀನು. ಪುಸ್ತಕವಿಲ್ಲದೆ ಲೆಕ್ಕ ಇಟ್ಟಿರುತ್ತಿದ್ದರು. ಬಾರದ ಮನೆಯವರಿಗೆ ದಂಡವಿರಲಿಲ್ಲ, ಅವರ ಗದ್ದೆಗೆ ಆಳು ಹೋಗುತ್ತಿರಲಿಲ್ಲ ಅಷ್ಟೇ. ಅಂಥ ಮಣ್ಣಿನಲ್ಲೇ ಹೆಗ್ಗೋಡಿನ ನೀನಾಸಂ ಬೆಳೆದದ್ದು. 1949ರಲ್ಲಿ ಅಡಿಕೆ ಬೆಳೆಯುವ ಊರಿನ ಹುಡುಗರು ನಾಟಕಕ್ಕಾಗಿ ಕಟ್ಟಿಕೊಂಡ ಸಂಘ ಅದು. ಕೆ.ವಿ. ಸುಬ್ಬಣ್ಣನವರ ಮುಂದಾಳುತನದಲ್ಲಿ ಚಿತ್ರಸಮಾಜ ಬಂತು, 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ತಿರುಗಾಟ ಎಂಬ ಸಂಚಾರಿ ನಾಟಕತಂಡ, 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೇಸೆ ಪ್ರಶಸ್ತಿ. ತೋಟದ ಕೆಲಸ ಮುಗಿಸಿ ಬಂದವರು ಸಂಜೆ ಬಣ್ಣ ಹಚ್ಚಿದರು, ಪರದೆ ಎಳೆದರು, ಬಂದ ನೆಂಟರಿಗೆ ಬಡಿಸಿದರು. ಅಷ್ಟು ಚಿಕ್ಕ ಊರಿಗೆ ಅಷ್ಟು ದೊಡ್ಡ ಕೆಲಸ ಮಾಡಲು ಸಾಧ್ಯವಾದದ್ದು ಹೀಗೆ.

ದೂರದ ಒಂದು ಉದಾಹರಣೆಯನ್ನೂ ಹೇಳಬೇಕು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಪಾರ್ಕ್ ಸ್ಲೋಪ್ ಫುಡ್ ಕೋಆಪ್ ಎಂಬ ಸಹಕಾರಿ ದಿನಸಿ ಅಂಗಡಿಯಿದೆ, 1973ರಲ್ಲಿ ಶುರುವಾದದ್ದು. ಸದಸ್ಯರಲ್ಲದವರು ಅಲ್ಲಿ ಸಾಮಾನು ಕೊಳ್ಳುವ ಹಾಗಿಲ್ಲ. ಸದಸ್ಯರಾದವರು ಕೆಲಸ ಮಾಡಲೇಬೇಕು. ಬಹುಕಾಲ ಇದ್ದ ನಿಯಮ: ನಾಲ್ಕು ವಾರಕ್ಕೊಮ್ಮೆ ಎರಡೂ ಮುಕ್ಕಾಲು ಗಂಟೆ. ಗಲ್ಲಾಪೆಟ್ಟಿಗೆಯಲ್ಲಿ ಕೂರುವುದು, ಪೆಟ್ಟಿಗೆ ಇಳಿಸುವುದು, ತರಕಾರಿ ಜೋಡಿಸುವುದು, ಗಿಣ್ಣು ಪೊಟ್ಟಣ ಕಟ್ಟುವುದು. ಪ್ರೊಫೆಸರಾದರೂ ಅಷ್ಟೇ, ಬ್ಯಾಂಕಿನವರಾದರೂ ಅಷ್ಟೇ. ಕೆಲಸ ತಪ್ಪಿಸಿದವರು ತುಂಬಿಕೊಡಬೇಕು, ತುಂಬಿಕೊಡದಿದ್ದರೆ ಕೊಳ್ಳುವ ಹಕ್ಕು ನಿಲ್ಲುತ್ತದೆ. ಅಲ್ಲಿ ಸಂಬಳದ ನೌಕರರೂ ಇದ್ದಾರೆ, ಆದರೆ ಬಹುಪಾಲು ದುಡಿಮೆ ಸದಸ್ಯರದು. ಐವತ್ತು ವರ್ಷ ದಾಟಿಯೂ ನಡೆದಿದೆ, ಸಾವಿರಾರು ಜನ ಸದಸ್ಯರಿದ್ದಾರೆ. ಕಡ್ಡಾಯ ಮಾಡಿದರೆ ಜನ ಓಡಿಹೋಗುತ್ತಾರೆ ಅನ್ನುವ ನಮ್ಮ ಕಾರ್ಯಕಾರಿ ಸಮಿತಿಯವರ ಭಯಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲಿಲ್ಲ. ಸಿಗುವುದು ಬೆಲೆಯುಳ್ಳದ್ದಾದರೆ, ನಿಯಮ ಎಲ್ಲರಿಗೂ ಒಂದೇ ಆದರೆ ಜನ ಉಳಿಯುತ್ತಾರೆ.

ನಿಯಮ ಎಲ್ಲರಿಗೂ ಒಂದೇ ಅಂದೆ. ಇಲ್ಲಿ ಹೆಂಗಸರ ಮಾತು ಬರಬೇಕು. ನಮ್ಮ ಭವನಗಳಲ್ಲಿ ರಂಗೋಲಿ, ಆರತಿ ತಟ್ಟೆ, ಪ್ರಾರ್ಥನೆ, ಕೋಸಂಬರಿಗೆ ಕಾಯಿ ತುರಿಯುವುದು ಅವರಿಗೆ. ಅಧ್ಯಕ್ಷಗಿರಿ, ಖಜಾನೆ, ಮೈಕು ಗಂಡಸರಿಗೆ. ಎಷ್ಟೋ ಕಡೆ ಸದಸ್ಯತ್ವ ಕುಟುಂಬದ ಯಜಮಾನರ ಹೆಸರಿನಲ್ಲಿರುತ್ತದೆ. ಬೆಳಗಿನಿಂದ ಒಲೆಯ ಮುಂದೆ ನಿಂತ ಹೆಣ್ಣುಮಗಳಿಗೆ ಸರ್ವಸದಸ್ಯರ ಸಭೆಯಲ್ಲಿ ಕೈ ಎತ್ತುವ ಹಕ್ಕಿಲ್ಲ, ಊಟದ ಹೊತ್ತಿಗೆ ಬಂದ ಆಕೆಯ ಗಂಡನಿಗಿದೆ. ಶ್ರಮದ ಲೆಕ್ಕ ಇಡತೊಡಗಿದ ದಿನ ಈ ಅನ್ಯಾಯ ಪುಸ್ತಕದಲ್ಲೇ ಕಾಣುತ್ತದೆ. ಅಡುಗೆಮನೆಯ ಗಂಟೆಯೂ ಗಂಟೆಯೇ ಅಂತ ಬರೆದುಕೊಳ್ಳಬೇಕಾಗುತ್ತದೆ, ಆಕೆಗೆ ಆಕೆಯ ಹೆಸರಿನಲ್ಲೇ ಸದಸ್ಯತ್ವ ಕೊಡಬೇಕಾಗುತ್ತದೆ. ಗಂಡಸರಲ್ಲಿ ಕಾಯಿ ತುರಿಯಬಲ್ಲವರು ಬೇಕಾದಷ್ಟಿದ್ದಾರೆ ಅನ್ನುವುದೂ ಬೆಳಕಿಗೆ ಬರುತ್ತದೆ.

ಇನ್ನೊಂದು ಎಚ್ಚರವೂ ಬೇಕು. ಶ್ರಮದಾನದ ಹೆಸರಿನಲ್ಲಿ ಬಡವರ ಕೂಲಿಗೆ ಕೈ ಹಾಕಬಾರದು. ಭವನದ ಕಾವಲುಗಾರ, ಶೌಚಾಲಯ ತೊಳೆಯುವ ಹೆಂಗಸು, ಅಡುಗೆ ಭಟ್ಟರು, ಶಾಮಿಯಾನದ ಹುಡುಗರು ದುಡಿದು ತಿನ್ನುವವರು. ಅವರಿಗೆ ಸಲ್ಲಬೇಕಾದ ಸಂಬಳ ಸಲ್ಲಬೇಕು. ಸಂಘದ ಊಟವಾದ ಮೇಲೆ ಎಂಜಲೆಲೆ ತೆಗೆಯಲು ಮಾತ್ರ ಕಾವಲುಗಾರನ ಹೆಂಡತಿಯನ್ನು ಕೂಗುವುದನ್ನು ನಾನು ಕಂಡಿದ್ದೇನೆ, ಅದೂ ಜಾತಿ ನೋಡಿಯೇ. ಉಂಡವರೇ ಎಲೆ ಎತ್ತುವ ಪದ್ಧತಿ ಮೊದಲು ಬರಲಿ. ಸೇವೆಯ ಮಾತು ಆಮೇಲೆ ಆಡೋಣ.

ಕೈಲಾಗದವರ ಗತಿ ಏನು ಅಂತ ಕೇಳುತ್ತಾರೆ. ಎಂಬತ್ತರ ಅಜ್ಜ ಖುರ್ಚಿ ಹೊರಬೇಕೇ? ಬೇಡ. ಅವರು ಕೂತಲ್ಲೇ ಫೋನ್ ಮಾಡಿ ಆಹ್ವಾನ ಹೇಳಲಿ, ಆಮಂತ್ರಣದ ಕರಡು ತಿದ್ದಲಿ, ಮಕ್ಕಳಿಗೆ ಗಮಕವನ್ನೋ ಗಣಿತವನ್ನೋ ಹೇಳಿಕೊಡಲಿ. ರಾತ್ರಿ ಪಾಳಿಯವರು ವಾಚನಾಲಯವನ್ನು ಹಗಲು ಒಂದು ಗಂಟೆ ತೆರೆದಿಡಲಿ. ಚಾರ್ಟರ್ಡ್ ಅಕೌಂಟೆಂಟ್ ಲೆಕ್ಕ ನೋಡಿಕೊಡಲಿ, ವಕೀಲರು ಕಾಗದಪತ್ರ. ಕಾಯಿಲೆಯವರಿಗೆ, ಬಾಣಂತಿಯರಿಗೆ, ಹಾಸಿಗೆ ಹಿಡಿದ ತಾಯ್ತಂದೆಯರನ್ನು ನೋಡಿಕೊಳ್ಳುವವರಿಗೆ ಪೂರ್ತಿ ವಿನಾಯಿತಿ ಇರಲಿ, ಕಾರಣ ಕೆದಕುವುದು ಬೇಡ. ಹಣ ಕೊಟ್ಟು ಬಿಡಿಸಿಕೊಳ್ಳುವ ದಾರಿಯೊಂದು ಬೇಡ, ಬೆಳಗಾವಿಯ ಪಾಠ ಸಾಕು. ಶುಲ್ಕವನ್ನು ಮನೆಗೆಲಸದಾಕೆಯೂ ಕಟ್ಟುವಷ್ಟು ಇಳಿಸಬೇಕು. ಆಗ ಬಡಾವಣೆಯ ಭವನಕ್ಕೆ ಬಡಾವಣೆಯ ಎಲ್ಲರೂ ಸದಸ್ಯರಾದಾರು.

ಮತದ ಹಕ್ಕಿಗೆ ಕೆಲಸದ ಷರತ್ತಿಟ್ಟರೆ ಇನ್ನೊಂದು ಪೀಡೆಯೂ ತೊಲಗುತ್ತದೆ. ಚುನಾವಣೆ ಹತ್ತಿರ ಬಂದಾಗ ಒಬ್ಬರೇ ಬಂದು ನೂರಾರು ಜನರ ಶುಲ್ಕ ಕಟ್ಟಿ ರಸೀತಿ ಹರಿಸಿಕೊಂಡು ಹೋಗುವುದನ್ನು ಯಾವ ಊರು ಕಂಡಿಲ್ಲ? ಮತದ ದಿನ ಆ ಸದಸ್ಯರು ವ್ಯಾನಿನಲ್ಲಿ ಬಂದಿಳಿಯುತ್ತಾರೆ, ಭವನದ ಬಾಗಿಲು ಯಾವ ಕಡೆಗಿದೆ ಅನ್ನುವುದೂ ಅವರಿಗೆ ಗೊತ್ತಿರುವುದಿಲ್ಲ. ದೊಡ್ಡ ಸಂಸ್ಥೆಗಳಲ್ಲಿ ಶ್ರಮದ ಲೆಕ್ಕ ಇಡುವುದು ಕಷ್ಟ, ಒಪ್ಪುತ್ತೇನೆ. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿನ ಸದಸ್ಯರು ಇವತ್ತು ಮೂರು ಲಕ್ಷ ದಾಟಿದ್ದಾರೆ, ಅಲ್ಲಿ ಯಾರ ಗಂಟೆಯನ್ನು ಯಾರು ಬರೆಯಬೇಕು? ಆದರೆ ಇನ್ನೂರು ಮುನ್ನೂರು ಮನೆಗಳ ಭವನದಲ್ಲಿ ಆ ಕಷ್ಟವಿಲ್ಲ. ನಮ್ಮ ಸಹಕಾರ ಸಂಘಗಳ ಕಾನೂನಿನಲ್ಲೇ ಸಾಮಾನ್ಯ ಸಭೆಗಳಿಗೆ ಬಾರದೆ ಇರುವವರು ಮತದ ಹಕ್ಕು ಕಳೆದುಕೊಳ್ಳುವ ನಿಯಮವಿದ್ದದ್ದುಂಟು. ಹಾಜರಿಗೊಂದು ಪುಸ್ತಕ ಇಡಬಹುದಾದರೆ ಕೆಲಸಕ್ಕೂ ಒಂದು ಇಡಬಹುದು.

ವರ್ಷಕ್ಕೆ ಹನ್ನೆರಡು ಗಂಟೆ ಸಾಕು, ತಿಂಗಳಿಗೊಂದು. ಹಿಂದಿನ ವರ್ಷ ಅಷ್ಟು ದುಡಿದವರಿಗೆ ಸಮಿತಿಯ ಚುನಾವಣೆಯಲ್ಲಿ ಮತ, ಅದರ ಎರಡು ಪಟ್ಟು ದುಡಿದವರಿಗೆ ಸ್ಪರ್ಧಿಸುವ ಹಕ್ಕು. ವಾಚನಾಲಯದ ಪುಸ್ತಕ, ಆಟದ ಮೈದಾನ, ಕಾರ್ಯಕ್ರಮ ಇವು ಎಲ್ಲರಿಗೂ ಎಂದಿನಂತೆ ತೆರೆದೇ ಇರಲಿ. ಇದಕ್ಕಿಂತ ಬಿಗಿಯಾದ ನಿಯಮ ಬೇಕಿಲ್ಲ ಅಂತ ನನಗನ್ನಿಸುತ್ತದೆ, ಇದಕ್ಕಿಂತ ಸಡಿಲವಾದರೆ ಮತ್ತದೇ ಮೂವರ ಬೆನ್ನ ಮೇಲೆ ಬೀಳುತ್ತದೆ.

ನಿಮ್ಮ ಸಂಘದ ವಾರ್ಷಿಕ ಸಭೆಯ ನೋಟೀಸು ಬಂದಾಗ ಈ ಸಲ ಬೈಲಾದ ಪ್ರತಿಯನ್ನೂ ಕೇಳಿ ತರಿಸಿಕೊಳ್ಳಿ. ಸದಸ್ಯತ್ವದ ಪುಟ ಓದಿ. ಅಲ್ಲಿ ಶುಲ್ಕದ ಮಾತು ಮಾತ್ರ ಇದ್ದರೆ ಕೆಲಸದ ಒಂದು ಕಲಮು ಬರೆದು, ಸೂಚಕರಾಗಿ ನೀವು ಸಹಿ ಹಾಕಿ, ಪಕ್ಕದ ಮನೆಯವರಿಂದ ಅನುಮೋದನೆ ಹಾಕಿಸಿ, ಸಭೆಗೆ ಮುಂಚೆಯೇ ಕಾರ್ಯದರ್ಶಿಯ ಕೈಗೆ ಕೊಡಿ. ಸಭೆಯ ದಿನ ಸ್ವಲ್ಪ ಬೇಗ ಹೋಗಿ, ಖುರ್ಚಿ ಹಾಕುವುದಿರುತ್ತದೆ.